ಕ್ಯಾಪಿಂಟೆಕ್ ಸಿಆರ್‌ಸಿ ಡೋಸ್ ಕ್ಯಾಲಿಬ್ರೇಟರ್: ದೀರ್ಘ ಬಳಕೆಯ ನಂತರದ ವಿಮರ್ಶೆ

ರೋಗಿಗೆ ಕೊಡುವ ವಿಕಿರಣಶೀಲ ಔಷಧದ ಆಕ್ಟಿವಿಟಿಯನ್ನು, ಅಂದರೆ ವಿಕಿರಣಶೀಲತೆಯ ಪ್ರಮಾಣವನ್ನು, ಅಳೆಯುವ ಉಪಕರಣವೇ ಡೋಸ್ ಕ್ಯಾಲಿಬ್ರೇಟರ್. ನ್ಯೂಕ್ಲಿಯರ್ ಮೆಡಿಸಿನ್ ವಿಭಾಗದ ಹಾಟ್ ಲ್ಯಾಬಿಗೆ (ಅಂಥ ಔಷಧ ಸಿದ್ಧಪಡಿಸುವ ಕೋಣೆಗೆ) ಯಾವುದನ್ನು ಕೊಳ್ಳಬೇಕೆಂದು ಕೇಳಿದರೆ ಸಿಆರ್‌ಸಿ ಸರಣಿಯ ಹೆಸರನ್ನು ಹಿಂಜರಿಯದೆ ಹೇಳುತ್ತೇನೆ. 15ಆರ್ ಇರಲಿ, 25ಆರ್ ಇರಲಿ, ಟಚ್‌ಸ್ಕ್ರೀನಿನ 55ಟಿಆರ್ ಇರಲಿ, ಒಳಗಿನ ತತ್ವ ಒಂದೇ. ಸ್ಥಿರತೆಯಲ್ಲಿ ಇದಕ್ಕೆ ಪೂರ್ತಿ ಅಂಕ. ನಿಖರತೆಯ ಮಾತು ಬೇರೆ. ಅದು ಪೆಟ್ಟಿಗೆಯ ಜೊತೆ ಬರುವುದಿಲ್ಲ, ಕೊಂಡವರೇ ಕಟ್ಟಿಕೊಳ್ಳಬೇಕು. ಕೊಂಡ ಮೇಲೆ ತಿಳಿಯಬೇಕಾದದ್ದೆಲ್ಲ ಅದರಲ್ಲೇ ಇದೆ.

ಉಪಕರಣದ ಹೃದಯ ಬಾವಿಯಾಕಾರದ ಅಯಾನೈಸೇಶನ್ ಚೇಂಬರ್. ಬಾವಿಯ ವ್ಯಾಸ 61 ಮಿ.ಮೀ., ಆಳ 254 ಮಿ.ಮೀ. ಸುತ್ತಲೂ ಹೆಚ್ಚಿನ ಒತ್ತಡದಲ್ಲಿ ಮುಚ್ಚಿಟ್ಟ ಆರ್ಗಾನ್ ಅನಿಲ. ಬಾವಿಯಲ್ಲಿಟ್ಟ ವಿಕಿರಣ ಮೂಲದಿಂದ ಬಂದ ಗಾಮಾ ಕಿರಣಗಳು ಅನಿಲವನ್ನು ಅಯಾನೀಕರಿಸಿದಾಗ ಹುಟ್ಟುವ ಅತಿ ಸಣ್ಣ ವಿದ್ಯುತ್ ಪ್ರವಾಹವನ್ನು ಎಲೆಕ್ಟ್ರೋಮೀಟರ್ ಅಳೆಯುತ್ತದೆ. ಬಾವಿಯೊಳಗೆ ಇರುವುದು ಟೆಕ್ನೀಶಿಯಮ್ಮೋ ಅಯೋಡಿನ್ನೋ ಎಂಬುದು ಚೇಂಬರಿಗೆ ಗೊತ್ತಾಗುವುದಿಲ್ಲ, ಏಕೆಂದರೆ ಇದು ಕಿರಣಗಳ ಶಕ್ತಿಯನ್ನು ಬೇರ್ಪಡಿಸಿ ನೋಡುವ ಸ್ಪೆಕ್ಟ್ರೋಮೀಟರ್ ಅಲ್ಲ. ನೀವು ಒತ್ತಿದ ಬಟನ್ನನ್ನು ನಂಬಿ ಅದು ಪ್ರವಾಹವನ್ನು ಆಕ್ಟಿವಿಟಿಯ ಮಾನವಾದ ಮೆಗಾಬೆಕೆರೆಲ್‌ಗೆ ಪರಿವರ್ತಿಸುತ್ತದೆ. ತಪ್ಪು ಬಟನ್ ಒತ್ತಿದರೂ ಪರದೆಯ ಮೇಲೆ ಅಷ್ಟೇ ಸ್ಪಷ್ಟವಾದ ಅಂಕಿ ಮೂಡುತ್ತದೆ, ಎಚ್ಚರಿಕೆಯ ಸದ್ದು ಬರುವುದಿಲ್ಲ.

ಈ ಸರಣಿಯಲ್ಲಿ ನನಗೆ ಬಹಳ ಮೆಚ್ಚುಗೆಯಾದದ್ದು ಕ್ಯಾಲಿಬ್ರೇಶನ್ ಸಂಖ್ಯೆಯ ಪಾರದರ್ಶಕತೆ. ಕೋಬಾಲ್ಟ್-60ಕ್ಕೆ ಹೋಲಿಸಿದಾಗ ಒಂದು ಪರಮಾಣು ಬಗೆಯ, ಅಂದರೆ ನ್ಯೂಕ್ಲೈಡ್‌ನ ಪ್ರತಿ ಬೆಕೆರೆಲ್‌ಗೆ ಎಷ್ಟು ಪ್ರವಾಹ ಬರುತ್ತದೋ ಆ ಅನುಪಾತದಿಂದ 0.080 ಕಳೆದು, 1076ರಿಂದ ಗುಣಿಸಿದರೆ ಆ ಸಂಖ್ಯೆ, ಅಂದರೆ ಡಯಲ್ ಸಂಖ್ಯೆ, ಸಿಗುತ್ತದೆ. ಕೋಬಾಲ್ಟ್-60ರ ಅನುಪಾತ 1, ಹಾಗಾಗಿ ಅದರ ಸಂಖ್ಯೆ 990. ಸೀಸಿಯಂ-137ಕ್ಕೆ 220, ಅಯೋಡಿನ್-131ಕ್ಕೆ 151, ಟೆಕ್ನೀಶಿಯಂ-99ಎಂಗೆ 80. ಇದನ್ನು ತಿರುಗಿಸಿ ಲೆಕ್ಕ ಹಾಕಿದರೆ ಅನುಪಾತಗಳು ಕ್ರಮವಾಗಿ ಸುಮಾರು 0.284, 0.220 ಮತ್ತು 0.154.

ಈ ಸೂತ್ರದಿಂದ ಆಗುವ ಉಪಯೋಗ ದೊಡ್ಡದು. ಸೀಸಿಯಂ ಚೆಕ್ ಸೋರ್ಸನ್ನು (ಆಕ್ಟಿವಿಟಿ ಮೊದಲೇ ಗೊತ್ತಿರುವ ಪರೀಕ್ಷಾ ಮೂಲವನ್ನು) ಬಾವಿಯಲ್ಲೇ ಬಿಟ್ಟು ಟೆಕ್ನೀಶಿಯಂ ಬಟನ್ ಒತ್ತಿ. ಅಂಕಿ ಸೀಸಿಯಂನ ನಿಜ ಮೌಲ್ಯದ ಸುಮಾರು 1.84 ಪಟ್ಟು ಬರಬೇಕು. ಅಯೋಡಿನ್-131 ಬಟನ್ನಿನಲ್ಲಿ ಸುಮಾರು 1.29 ಪಟ್ಟು. 7.4 ಮೆಗಾಬೆಕೆರೆಲ್ ಎಂದು ಪ್ರಮಾಣಪತ್ರವಿರುವ ಸೋರ್ಸ್ 10 ವರ್ಷದ ನಂತರ 5.88 ಆಗಿರುತ್ತದೆ. ಆಗ ಟೆಕ್ನೀಶಿಯಂ ಬಟನ್ನಿನಲ್ಲಿ 10.8ರ ಆಸುಪಾಸು ಕಾಣಬೇಕು. ಯಾರೋ ಸೆಟ್ಟಿಂಗ್ ತಿದ್ದಿದ್ದರೆ, ಸರ್ವಿಸ್ ನಂತರ ಫ್ಯಾಕ್ಟರ್ ಬದಲಾಗಿದ್ದರೆ, ಈ ಒಂದೇ ನಿಮಿಷದ ಕೆಲಸದಲ್ಲಿ ಸಿಕ್ಕಿಬೀಳುತ್ತದೆ. ಬಳಸುವ ಪ್ರತಿ ನ್ಯೂಕ್ಲೈಡ್ ಬಟನ್ನಿಗೂ ದಿನವೂ ಇದನ್ನು ದಾಖಲಿಸಬೇಕು. ಸೀಸಿಯಂ ಬಟನ್ ಒಂದನ್ನೇ ಪರೀಕ್ಷಿಸಿ ರಿಜಿಸ್ಟರಿಗೆ ಸಹಿ ಹಾಕುವ ಪದ್ಧತಿ ಹಲವೆಡೆ ಇದೆ. ರೋಗಿಗೆ ಹೋಗುವುದು ಸೀಸಿಯಂ ಅಲ್ಲವಲ್ಲ!

ಡಯಲ್ ಸಂಖ್ಯೆ ಸಣ್ಣದಾದಷ್ಟೂ ಒಂದಂಕಿಯ ತಪ್ಪಿನ ಪೆಟ್ಟು ಹೆಚ್ಚು. ಟೆಕ್ನೀಶಿಯಂನ 80ರಲ್ಲಿ ಒಂದು ಅಂಕಿ ಆಚೀಚೆಯಾದರೆ ಓದಿಗೆ 0.6% ವ್ಯತ್ಯಾಸ, ಸೀಸಿಯಂನ 220ರಲ್ಲಿ ಅದೇ ತಪ್ಪಿಗೆ 0.33% ಮಾತ್ರ.

ಇನ್ನು ಚೆಕ್ ಸೋರ್ಸ್‌ಗಳು. ಸೀಸಿಯಂ-137ರ ಅರ್ಧಾಯು 30 ವರ್ಷ, ವರ್ಷಕ್ಕೆ ಕರಗುವುದು 2.3% ಮಾತ್ರ. ದಿನನಿತ್ಯದ ಸ್ಥಿರತೆ ನೋಡಲು ಇದಕ್ಕಿಂತ ಒಳ್ಳೆಯದಿಲ್ಲ. ಆದರೆ ಅದರ ಗಾಮಾ ಕಿರಣದ ಶಕ್ತಿ 662 ಕೆವಿ (ಕಿಲೋ ಎಲೆಕ್ಟ್ರಾನ್ ವೋಲ್ಟ್), ನಮ್ಮ ಹೆಚ್ಚಿನ ಕೆಲಸವೆಲ್ಲ ಟೆಕ್ನೀಶಿಯಂನ 140 ಕೆವಿಯಲ್ಲಿ. ಕಡಿಮೆ ಶಕ್ತಿಯ ಕಡೆ ಏನಾದರೂ ಕೆಟ್ಟರೆ ಸೀಸಿಯಂ ಒಂದರಿಂದ ಗೊತ್ತಾಗುವುದಿಲ್ಲ. ಅದಕ್ಕೆ 122 ಕೆವಿಯ ಕೋಬಾಲ್ಟ್-57 ಬೇಕು. ಅರ್ಧಾಯು 272 ದಿನವಾದ್ದರಿಂದ ಎರಡು ವರ್ಷಕ್ಕೆ ಸುಮಾರು 15% ಉಳಿಯುತ್ತದೆ, ಮತ್ತೆ ಹೊಸದು ಕೊಳ್ಳಬೇಕು. ಖರ್ಚು ಎನಿಸಿದರೂ ಬಿಡುವಂತಿಲ್ಲ. ಹೊಸ ಕೋಬಾಲ್ಟ್-57 ಬಂದಾಗ ಓದು ಸ್ವಲ್ಪ ಹೆಚ್ಚಾಗಿ ಕಂಡರೆ ಉಪಕರಣವನ್ನು ದೂರಬೇಡಿ. ಹೊಸ ಸೋರ್ಸಿನಲ್ಲಿ ಕೋಬಾಲ್ಟ್-56 ಮತ್ತು 58ರ ಅಲ್ಪ ಕಲ್ಮಶ ಇರಬಹುದು. ಅವುಗಳ ಗಾಮಾ 800 ಕೆವಿಗಿಂತ ಮೇಲಿದ್ದು ಚೇಂಬರ್ ಅವಕ್ಕೆ ಹೆಚ್ಚು ಸ್ಪಂದಿಸುತ್ತದೆ. ಅರ್ಧಾಯು 70ರಿಂದ 77 ದಿನವಾದ್ದರಿಂದ ಕೆಲವು ತಿಂಗಳಲ್ಲಿ ಅವು ಇಳಿದುಹೋಗುತ್ತವೆ. ಅಯೋಡಿನ್-131ರ ಬದಲಿಗೆ ಬಳಸುವ ಬೇರಿಯಂ-133ರ ಮುಖ್ಯ ಗಾಮಾ 356 ಕೆವಿ, ಅಯೋಡಿನ್ನಿನ 364ಕ್ಕೆ ಹತ್ತಿರ ನಿಜ. ಆದರೆ ಅದರಲ್ಲಿ 81 ಕೆವಿ ಗಾಮಾ ಮತ್ತು 31 ಕೆವಿ ಸುತ್ತಲಿನ ಎಕ್ಸ್-ಕಿರಣಗಳೂ ಇವೆ. ಸ್ಥಿರತೆಯ ಪರೀಕ್ಷೆಗೆ ಅಡ್ಡಿಯಿಲ್ಲ, ಅಯೋಡಿನ್ನಿನ ನಿಖರತೆಗೆ ಸಾಕ್ಷಿಯಾಗಿ ಮಾತ್ರ ತರಬೇಡಿ.

ಅಂಕಿ ತಪ್ಪುವುದಕ್ಕೆ ಬಹುಪಾಲು ಕಾರಣ ಪಾತ್ರೆ. ತಯಾರಕರ ಡಯಲ್ ಸಂಖ್ಯೆಗಳು ಒಂದು ನಿರ್ದಿಷ್ಟ ಪಾತ್ರೆ, ಒಂದು ನಿರ್ದಿಷ್ಟ ಪ್ರಮಾಣಕ್ಕೆ ನಿಗದಿಯಾದವು. ನಾವು ಅಳೆಯುವುದು ಗಾಜಿನ ವೈಯಲ್, ಪ್ಲಾಸ್ಟಿಕ್ ಸಿರಿಂಜ್, ಕ್ಯಾಪ್ಸೂಲ್ ಎಲ್ಲವನ್ನೂ. ಟೆಕ್ನೀಶಿಯಂ ಮಟ್ಟಿಗೆ ವ್ಯತ್ಯಾಸ ಸಾಮಾನ್ಯವಾಗಿ ಚಿಕ್ಕದು. ಅಯೋಡಿನ್-123 ಮತ್ತು ಇಂಡಿಯಂ-111 ಹಾಗಲ್ಲ. ಅಯೋಡಿನ್-123ರ ಕೆಲಸದ ಗಾಮಾ 159 ಕೆವಿ ಆದರೂ ಜೊತೆಗೆ 27ರಿಂದ 31 ಕೆವಿಯ ಎಕ್ಸ್-ಕಿರಣಗಳು ಧಾರಾಳವಾಗಿ ಹೊರಡುತ್ತವೆ. ಗಾಜು ಅವನ್ನು ನುಂಗುತ್ತದೆ, ಪ್ಲಾಸ್ಟಿಕ್ ಬಿಟ್ಟುಕೊಡುತ್ತದೆ. ಹಾಗಾಗಿ ವೈಯಲ್ಲಿನಿಂದ ಸಿರಿಂಜಿಗೆ ಎಳೆದುಕೊಂಡ ಕೂಡಲೇ ಅಂಕಿ ಏರುತ್ತದೆ, ಆಕ್ಟಿವಿಟಿ ಎಲ್ಲಿಂದಲೂ ಬಂದಿರುವುದಿಲ್ಲ. ಬಾವಿಯೊಳಗೆ ತೆಳು ತಾಮ್ರದ ಕವಚ ಹಾಕಿದರೆ ಆ ಎಕ್ಸ್-ಕಿರಣಗಳು ಅಲ್ಲೇ ನಿಲ್ಲುತ್ತವೆ, ಗಾಜು-ಪ್ಲಾಸ್ಟಿಕ್ ಭೇದ ಬಹಳ ಮಟ್ಟಿಗೆ ಅಳಿಯುತ್ತದೆ. ಕವಚ ಹಾಕಿದಾಗ ಅದಕ್ಕೆಂದೇ ಇರುವ ಸಂಖ್ಯೆಯನ್ನು ಬಳಸಬೇಕು. ಕವಚ ಇಟ್ಟು ಹಳೆಯ ಸಂಖ್ಯೆಯಲ್ಲೇ ಓದಿದರೆ ಅಂಕಿ ಕಡಿಮೆ ಬರುತ್ತದೆ, ರೋಗಿಗೆ ಹೆಚ್ಚು ಹೋಗುತ್ತದೆ. ಇಟ್ರಿಯಂ-90 ಇನ್ನೂ ಸೂಕ್ಷ್ಮ. ಅದು ಬೀಟಾ ಮೂಲ, ಚೇಂಬರ್ ನೋಡುವುದು ಮುಖ್ಯವಾಗಿ ದ್ರವ ಮತ್ತು ಪಾತ್ರೆಯ ಗೋಡೆಯಲ್ಲಿ ಬೀಟಾ ಕಣಗಳು ನಿಧಾನವಾಗುವಾಗ ಹುಟ್ಟುವ ಬ್ರೆಮ್‌ಸ್ಟ್ರಾಲುಂಗ್ ಕಿರಣಗಳನ್ನು. ಪಾತ್ರೆ ಬದಲಾದರೆ ಅದಕ್ಕೆ ಪ್ರತ್ಯೇಕ ಸಂಖ್ಯೆಯನ್ನೇ ನಿಗದಿ ಮಾಡಬೇಕು.

ಸ್ವಂತ ತಿದ್ದುಪಡಿ ಕಂಡುಕೊಳ್ಳುವುದು ಕಷ್ಟವಲ್ಲ. 10 ಎಂಎಲ್ ವೈಯಲ್ಲಿಗೆ 1 ಎಂಎಲ್ ಟೆಕ್ನೀಶಿಯಂ ದ್ರವ ಹಾಕಿ ಓದಿ. ಒಂದೊಂದೇ ಎಂಎಲ್ ಸಲೈನ್ ಸೇರಿಸುತ್ತ 8 ಎಂಎಲ್‌ವರೆಗೆ ಓದುತ್ತ ಹೋಗಿ, ಪ್ರತಿ ಓದನ್ನೂ ಮೊದಲ ಓದಿನ ಸಮಯಕ್ಕೆ ತಿದ್ದಿ. ಸಮಯದಲ್ಲಿ 10 ನಿಮಿಷ ತಪ್ಪಿದರೆ ಟೆಕ್ನೀಶಿಯಮ್ಮಿಗೆ 1.9% ತಪ್ಪಾಗುತ್ತದೆ, ಹುಡುಕುತ್ತಿರುವ ವ್ಯತ್ಯಾಸವೇ ಅಷ್ಟಿರಬಹುದು. ಸಿರಿಂಜಿಗೆ ಬೇರೆ ವಿಧಾನ: ವೈಯಲ್ಲನ್ನು ಓದಿ, ಸಿರಿಂಜಿಗೆ ಎಳೆದು, ಉಳಿದ ವೈಯಲ್ಲನ್ನು ಮತ್ತೆ ಓದಿ. ಎರಡರ ವ್ಯತ್ಯಾಸವೇ ಸಿರಿಂಜಿನಲ್ಲಿರುವ ನಿಜವಾದ ಆಕ್ಟಿವಿಟಿ. ಸಿರಿಂಜನ್ನು ನೇರವಾಗಿ ಇಟ್ಟಾಗ ಬರುವ ಅಂಕಿಗೆ ಅದನ್ನು ಹೋಲಿಸಿದರೆ ಫ್ಯಾಕ್ಟರ್ ಸಿಕ್ಕಿತು. ಇಂಜೆಕ್ಷನ್ ನಂತರ ಖಾಲಿ ಸಿರಿಂಜನ್ನೂ ಅಳೆಯಬೇಕು. ಕೆಲವು ಔಷಧಗಳು ಪ್ಲಾಸ್ಟಿಕ್ಕಿಗೆ ಅಂಟಿಕೊಂಡು ಉಳಿಯುತ್ತವೆ.

ಮೂಲವನ್ನು ಇಳಿಬಿಡುವ ಡಿಪ್ಪರ್ ಅಗ್ಗದ ಪ್ಲಾಸ್ಟಿಕ್ ತುಂಡು, ಆದರೆ ಅಳತೆಯ ಅಂಗವೇ ಅದು. ಬಾವಿಯ ನಡುಭಾಗದಲ್ಲಿ ಕೆಲವು ಸೆಂಟಿಮೀಟರ್ ಎತ್ತರದವರೆಗೆ ಸ್ಪಂದನೆ ಹೆಚ್ಚುಕಡಿಮೆ ಸಮನಾಗಿರುತ್ತದೆ, ಬಾಯಿಯ ಕಡೆಗೆ ಬೇಗ ಕುಸಿಯುತ್ತದೆ. ಬಿರುಕುಬಿಟ್ಟ ಡಿಪ್ಪರನ್ನು ಟೇಪ್ ಸುತ್ತಿ ಬಳಸಿದರೆ ಮೂಲ ಕೂರುವ ಎತ್ತರವೇ ಬದಲಾಗುತ್ತದೆ. ಬಿಡಿ ಡಿಪ್ಪರ್ ಮತ್ತು ಬಾವಿಯ ಒಳಗೋಡೆಯನ್ನು ಕಾಯುವ ಲೈನರ್ ಎರಡೆರಡು ಇಟ್ಟುಕೊಳ್ಳುವುದು ಒಳ್ಳೆಯದು. ಬ್ಯಾಕ್‌ಗ್ರೌಂಡ್ (ಬಾವಿಯಲ್ಲಿ ಮೂಲವಿಲ್ಲದಾಗಿನ ಓದು) ಏರಿದಾಗ ಮೊದಲು ಡಿಪ್ಪರ್ ತೆಗೆದು ಓದಿ, ಆಮೇಲೆ ಲೈನರ್ ತೆಗೆದು ಓದಿ. ಯಾವುದನ್ನು ತೆಗೆದಾಗ ಇಳಿಯಿತೋ ಅದಕ್ಕೆ ವಿಕಿರಣಶೀಲ ವಸ್ತುವಿನ ಸೋಂಕು ತಗುಲಿದೆ. ಎರಡೂ ತೆಗೆದರೂ ಇಳಿಯದಿದ್ದರೆ ಸುತ್ತಮುತ್ತ ನೋಡಿ, ಟೆಕ್ನೀಶಿಯಂ ಜನರೇಟರನ್ನೋ ವಿಕಿರಣಶೀಲ ಕಸದ ಡಬ್ಬಿಯನ್ನೋ ಹತ್ತಿರ ತಂದಿಟ್ಟಿರುತ್ತಾರೆ. ಲೈನರ್ ಇಲ್ಲದ ಬಾವಿಗೆ ಮೂಲ ಇಳಿಸುವ ಕೆಲಸ ಎಂದಿಗೂ ಬೇಡ. ಚೇಂಬರಿನ ಗೋಡೆಗೇ ಸೋಂಕು ತಗುಲಿದರೆ ಅದು ಕರಗುವವರೆಗೆ ಕಾಯುವುದೇ ಗತಿ. ಚೇಂಬರಿನ ಸುತ್ತ ಹೆಚ್ಚುವರಿ ಸೀಸದ ಇಟ್ಟಿಗೆ ಪೇರಿಸುವವರಿಗೂ ಒಂದು ಮಾತು: ಸೀಸದಿಂದ ಹಿಂದಕ್ಕೆ ಚದುರಿದ ಕಿರಣಗಳು ಓದನ್ನು ಏರಿಸುತ್ತವೆ. ಇಟ್ಟಿಗೆ ಜೋಡಿಸಿದ ಮೇಲೆ ಪ್ರಮಾಣಿತ ಮೂಲದಿಂದ ಮತ್ತೆ ಪರೀಕ್ಷಿಸಬೇಕು.

ಲೀನಿಯಾರಿಟಿ ಪರೀಕ್ಷೆಗೆ, ಅಂದರೆ ಆಕ್ಟಿವಿಟಿ ಹೆಚ್ಚಿದ್ದರೂ ಕಡಿಮೆಯಿದ್ದರೂ ಓದು ಅದೇ ಅನುಪಾತದಲ್ಲಿ ಬರುತ್ತದೆಯೇ ಎಂದು ನೋಡಲು, ಟೆಕ್ನೀಶಿಯಮ್ಮನ್ನು ತಾನಾಗಿ ಕರಗಲು ಬಿಡುವ ವಿಧಾನವೇ ನನಗೆ ವಿಶ್ವಾಸಾರ್ಹ. 20 ಗಿಗಾಬೆಕೆರೆಲ್‌ನಿಂದ ಶುರು ಮಾಡಿದರೆ 24 ಗಂಟೆಗೆ 1.25 ಗಿಗಾಬೆಕೆರೆಲ್, 48 ಗಂಟೆಗೆ 79 ಮೆಗಾಬೆಕೆರೆಲ್, 72 ಗಂಟೆಗೆ 4.9 ಮೆಗಾಬೆಕೆರೆಲ್ ಬರಬೇಕು. ಮೊದಲ ಓದನ್ನೇ ಆಧಾರವಾಗಿಟ್ಟುಕೊಂಡು ರೇಖೆ ಎಳೆಯುವುದು ಸಾಮಾನ್ಯ ಅಭ್ಯಾಸ, ಅದು ಸರಿಯಲ್ಲ. ಅತಿ ಹೆಚ್ಚಿನ ಆಕ್ಟಿವಿಟಿಯಲ್ಲಿ ಅಯಾನುಗಳು ಎಲೆಕ್ಟ್ರೋಡ್ ತಲುಪುವ ಮೊದಲೇ ಮತ್ತೆ ಕೂಡಿಕೊಂಡು ಓದು ಕಡಿಮೆಯಾಗುವ ಸಾಧ್ಯತೆ ಇರುವುದು ಅಲ್ಲೇ. ಮಧ್ಯದ ಓದುಗಳ ಮೇಲೆ ರೇಖೆ ಕೂರಿಸಿ ಎರಡೂ ತುದಿಗಳನ್ನು ಅದಕ್ಕೆ ಹೋಲಿಸಬೇಕು.

ಕೊನೆಯ ತುದಿ ಮೇಲೆದ್ದರೆ ಮೊದಲು ಟೆಕ್ನೀಶಿಯಮ್ಮಿನ ತಾಯಿ ನ್ಯೂಕ್ಲೈಡ್ ಆದ, ಅದರಲ್ಲಿ ಕಲ್ಮಶವಾಗಿ ಉಳಿಯುವ ಮಾಲಿಬ್ಡಿನಂ-99 ಅನ್ನು ಸಂಶಯಿಸಿ. ಪ್ರತಿ ಮೆಗಾಬೆಕೆರೆಲ್ ಟೆಕ್ನೀಶಿಯಮ್ಮಿಗೆ 0.15 ಕಿಲೋಬೆಕೆರೆಲ್ ಎಂಬ ಮಿತಿಯಷ್ಟೇ ಮಾಲಿಬ್ಡಿನಂ ಇದೆ ಎಂದುಕೊಳ್ಳಿ. 20 ಗಿಗಾಬೆಕೆರೆಲ್‌ನಲ್ಲಿ ಅದು 3 ಮೆಗಾಬೆಕೆರೆಲ್. ಅದರ ಅರ್ಧಾಯು 66 ಗಂಟೆ, ಹಾಗಾಗಿ 72 ಗಂಟೆಯ ನಂತರವೂ 1.4 ಮೆಗಾಬೆಕೆರೆಲ್ ಉಳಿದಿರುತ್ತದೆ, ಮೇಲಾಗಿ ಹೆಚ್ಚುಕಡಿಮೆ ಅಷ್ಟೇ ಹೊಸ ಟೆಕ್ನೀಶಿಯಮ್ಮನ್ನು ಹೆತ್ತಿರುತ್ತದೆ. ರೋಗಿಗೆ ಕೊಡಲು ಯೋಗ್ಯವೆನಿಸಿದ ದ್ರವ ಲೀನಿಯಾರಿಟಿಯ ಬಾಲವನ್ನು ಕಾಲುಭಾಗಕ್ಕಿಂತ ಹೆಚ್ಚು ಎತ್ತಿಬಿಡಬಹುದು. ಸೀಸದ ಡಬ್ಬಿಯಲ್ಲಿಟ್ಟು ಮಾಲಿಬ್ಡಿನಂ ಅಳೆದು ಬರೆದಿಟ್ಟುಕೊಂಡೇ ಪರೀಕ್ಷೆ ಶುರು ಮಾಡಿ. ಡಬ್ಬಿ 140 ಕೆವಿಯನ್ನು ತಡೆಯುತ್ತದೆ, ಮಾಲಿಬ್ಡಿನಮ್ಮಿನ 740 ಕೆವಿ ಕಿರಣಗಳು ಮಾತ್ರ ಹೊರಬರುತ್ತವೆ.

ಪ್ರಮಾಣಪತ್ರ ಓದುವಾಗ ದಿನಾಂಕದ ಜೊತೆ ಗಂಟೆ ಮತ್ತು ಯಾವ ದೇಶದ ಗಂಟೆ ಎಂಬುದನ್ನೂ ನೋಡಿ. ಸೀಸಿಯಮ್ಮಿಗೆ ಅದು ಲೆಕ್ಕಕ್ಕಿಲ್ಲ. ಅಯೋಡಿನ್-131ಕ್ಕೆ ಗ್ರೀನಿಚ್ ಸಮಯವನ್ನು ಭಾರತೀಯ ಸಮಯವೆಂದು ಓದಿದರೆ ಐದೂವರೆ ಗಂಟೆಯ ಅಂತರದಿಂದ 2% ತಪ್ಪು.

ನಿಖರತೆಯ ಕೊನೆಯ ಆಧಾರ ರಾಷ್ಟ್ರೀಯ ಮಾನಕ. ಭಾರತದಲ್ಲಿ ಅದು ಟ್ರಾಂಬೆಯ ಭಾಭಾ ಪರಮಾಣು ಸಂಶೋಧನಾ ಕೇಂದ್ರದಲ್ಲಿದೆ. ಅಲ್ಲಿ ಬೀಟಾ ಮತ್ತು ಗಾಮಾಗಳನ್ನು ಜೊತೆಜೊತೆಯಾಗಿ ಎಣಿಸುವ ಕೋಇನ್ಸಿಡೆನ್ಸ್ ವಿಧಾನದಿಂದ, ಬೇರೆ ಯಾವ ಪ್ರಮಾಣಿತ ಮೂಲದ ಹಂಗಿಲ್ಲದೆ, ಆಕ್ಟಿವಿಟಿಯನ್ನು ನಿರ್ಧರಿಸುತ್ತಾರೆ. ದೇಶದ ನ್ಯೂಕ್ಲಿಯರ್ ಮೆಡಿಸಿನ್ ಕೇಂದ್ರಗಳಿಗಾಗಿ ಅಯೋಡಿನ್-131 ಅಳತೆಯ ಆಡಿಟ್ ಕೂಡ ಅವರು ನಡೆಸುತ್ತಾರೆ. ಬೆಂಗಳೂರಿರಲಿ, ಮಣಿಪಾಲವಿರಲಿ, ಭಾಗವಹಿಸುವ ಅವಕಾಶ ಬಂದರೆ ಬಿಡಬಾರದು. ನಿಮ್ಮ ವಿಭಾಗದ ಅಂಕಿಯನ್ನು ಹೊರಗಿನವರ ಅಂಕಿಯ ಪಕ್ಕ ಇಟ್ಟು ನೋಡುವ ಇಂಥ ದಾರಿ ಬೇರೆ ಹೆಚ್ಚು ಇಲ್ಲ.

ಕರಾವಳಿಯವರಿಗೆ ಮಳೆಗಾಲದ ಮಾತು. ಎಲೆಕ್ಟ್ರೋಮೀಟರಿನ ಪ್ರವಾಹ ತೀರಾ ಸಣ್ಣದಾದ್ದರಿಂದ ಕನೆಕ್ಟರಿನಲ್ಲಿ ತೇವ ಕೂತರೆ ಸೋರಿಕೆಯ ಪ್ರವಾಹವೇ ಓದಾಗಿ ಕಾಣುತ್ತದೆ. ಸೊನ್ನೆ ನಿಲ್ಲದೆ ಅಲೆದಾಡುವುದು ಅದರ ಮೊದಲ ಲಕ್ಷಣ. ಉಪಕರಣವನ್ನು ಯುಪಿಎಸ್ ಮೇಲೆ ಸದಾ ಆನ್ ಇಡಿ, ಕೋಣೆಯ ತೇವಾಂಶ ಹಿಡಿತದಲ್ಲಿಡಿ, ಕೇಬಲ್ಲನ್ನು ಸುಮ್ಮನೆ ಕಳಚಿ ಜೋಡಿಸಬೇಡಿ. ಅಲೆದಾಟ ಇಲ್ಲದೆ ಎಲ್ಲ ಬಟನ್ನುಗಳಲ್ಲೂ ಓದು ತಿಂಗಳಿಂದ ತಿಂಗಳಿಗೆ ಒಂದೇ ದಿಕ್ಕಿನಲ್ಲಿ ಇಳಿಯುತ್ತಿದ್ದರೆ ಆರ್ಗಾನ್ ಸೋರುತ್ತಿರಬಹುದು. ದಿನದ ಮಿತಿ ±5% ಎಂದಿಟ್ಟುಕೊಂಡು ಅದರೊಳಗೇ ಇದೆಯೆಂದು ಸುಮ್ಮನಾದರೆ ಇದು ಬಹಳ ತಡವಾಗಿ ಕಾಣುತ್ತದೆ. ಅಂಕಿಗಳನ್ನು ಗ್ರಾಫ್ ಹಾಳೆಯ ಮೇಲೆ ಗುರುತಿಸುತ್ತ ಹೋದರೆ 1% ಇಳಿಕೆಯೂ ಕಣ್ಣಿಗೆ ಬೀಳುತ್ತದೆ. ಸೋರುವ ಚೇಂಬರನ್ನು ಡಯಲ್ ತಿದ್ದಿ ಸರಿದೂಗಿಸಲು ಹೋಗಬೇಡಿ, ಚೇಂಬರನ್ನೇ ಬದಲಿಸಬೇಕು.

ಕೊಳ್ಳುವವರು ಆರ್ಡರಿನಲ್ಲೇ ಸೀಸಿಯಂ-137 ಮತ್ತು ಕೋಬಾಲ್ಟ್-57 ಪ್ರಮಾಣಿತ ಮೂಲಗಳನ್ನು, ತಾಮ್ರದ ಕವಚವನ್ನು, ಮಾಲಿಬ್ಡಿನಂ ಡಬ್ಬಿಯನ್ನು ಸೇರಿಸಿ ಬರೆಯಿರಿ. ಆಮೇಲೆ ತರಿಸಲು ಹೋದರೆ ಮೂಲಗಳ ಅನುಮತಿ ಪತ್ರಗಳಿಗೇ ಸಮಯ ಹಿಡಿಯುತ್ತದೆ. ಹೊಸ ಉಪಕರಣ ಬಂದ ದಿನವೇ, ಮೊದಲ ರೋಗಿಗಿಂತ ಮುಂಚೆ, ಎರಡೂ ಮೂಲಗಳನ್ನು ಎಲ್ಲ ಬಟನ್ನುಗಳಲ್ಲಿ ಓದಿ ದಿನಾಂಕ ಮತ್ತು ಗಂಟೆ ಸಹಿತ ಬರೆದಿಡಿ. ಮುಂದೆ ಯಾವ ಅನುಮಾನ ಬಂದರೂ ಹೋಲಿಸಲು ಆ ಒಂದು ಪುಟ ಬೇಕಾಗುತ್ತದೆ.