ನಾಸಾದ ಎಎಸ್‌ಆರ್‌ಎಸ್ ದತ್ತಾಂಶ: ಯಾವುದಕ್ಕೆ ಬಳಸಬೇಕು, ಯಾವುದಕ್ಕೆ ಬಳಸಬಾರದು

ಕೆಲಸದ ಹೊತ್ತಿನಲ್ಲಿ ಅನುಭವಸ್ಥರೂ ಯಾಕೆ ಎಡವುತ್ತಾರೆ ಎಂಬುದನ್ನು ದೊಡ್ಡ ದತ್ತಾಂಶದಿಂದ ಅರಿಯಬೇಕೆನ್ನುವವರು ತಪ್ಪುಗಳ ವರದಿ ಪಡೆಯುವ ಸಾಫ್ಟ್‌ವೇರ್ ಕೊಳ್ಳುವ ಮುಂಚೆ ಅಮೆರಿಕದ ಏವಿಯೇಷನ್ ಸೇಫ್ಟಿ ರಿಪೋರ್ಟಿಂಗ್ ಸಿಸ್ಟಮ್ (ಎಎಸ್‌ಆರ್‌ಎಸ್) ಅನ್ನು ಒಮ್ಮೆ ತೆರೆದು ನೋಡಲಿ. ಹಣ ಅಲ್ಲಿನ ವಿಮಾನಯಾನ ನಿಯಂತ್ರಕ ಸಂಸ್ಥೆ ಎಫ್‌ಎಎದ್ದು, ನಡೆಸುವುದು ನಾಸಾ. 1976ರಿಂದ ಪೈಲಟ್‌ಗಳು, ಎಟಿಸಿಯವರು (ವಿಮಾನ ಸಂಚಾರ ನಿಯಂತ್ರಕರು), ಮೆಕ್ಯಾನಿಕ್‌ಗಳು, ಕ್ಯಾಬಿನ್ ಸಿಬ್ಬಂದಿ ತಾವಾಗಿಯೇ ಬರೆದು ಕಳಿಸಿರುವ ವರದಿಗಳ ಸಂಖ್ಯೆ 20 ಲಕ್ಷ ದಾಟಿದೆ. ಹುಡುಕಲು, ಇಳಿಸಿಕೊಳ್ಳಲು ಒಂದು ಪೈಸೆಯೂ ಬೇಡ.

ಇದು ಹುಟ್ಟಿದ್ದು ಒಂದು ದುರಂತದ ನಂತರ. 1974ರ ಡಿಸೆಂಬರ್ 1ರಂದು ವಾಷಿಂಗ್ಟನ್‌ನ ಡಲ್ಲಸ್ ನಿಲ್ದಾಣಕ್ಕೆ ಇಳಿಯಬೇಕಿದ್ದ ಟಿಡಬ್ಲ್ಯೂಎ ಕಂಪನಿಯ 514ನೇ ವಿಮಾನ ವರ್ಜೀನಿಯಾದ ಬೆಟ್ಟಕ್ಕೆ ಬಡಿದು 92 ಮಂದಿ ಸತ್ತರು. ಅಪ್ರೋಚ್‌ಗೆ, ಅಂದರೆ ಇಳಿಯಲು ನಿಲ್ದಾಣದ ಕಡೆ ಸಾಗುವುದಕ್ಕೆ, ಅನುಮತಿ ಸಿಕ್ಕಿತೆಂದರೆ ಕೆಳಗಿಳಿಯಬಹುದು ಎಂದು ಪೈಲಟ್‌ಗಳು ತಿಳಿದಿದ್ದರು. ಆರು ವಾರಗಳ ಹಿಂದೆಯಷ್ಟೇ ಯುನೈಟೆಡ್ ಎಂಬ ಇನ್ನೊಂದು ಕಂಪನಿಯ ವಿಮಾನವೊಂದು ಅದೇ ಜಾಗದಲ್ಲಿ, ಅದೇ ತಪ್ಪು ಗ್ರಹಿಕೆಯಿಂದ ಕೂದಲೆಳೆಯಲ್ಲಿ ಪಾರಾಗಿತ್ತು. ಯುನೈಟೆಡ್ ತನ್ನ ಪೈಲಟ್‌ಗಳನ್ನು ಎಚ್ಚರಿಸಿತು. ಆ ಮಾತು ಟಿಡಬ್ಲ್ಯೂಎ ಕಿವಿಗೆ ಬೀಳಲೇ ಇಲ್ಲ. 1975ರಲ್ಲಿ ಎಫ್‌ಎಎ ತಾನೇ ವರದಿ ಕೇಳಿತು. ದಂಡ ಹಾಕುವವರಿಗೇ ತಪ್ಪು ಹೇಳಿಕೊಳ್ಳಲು ಜನ ನಂಬಿಕೆಯಿಂದ ಮುಂದೆ ಬರಲಿಲ್ಲ. ದಂಡಿಸುವ ಅಧಿಕಾರವಿಲ್ಲದ ನಾಸಾ ನಡುವೆ ಬಂದಿದ್ದು ಹಾಗೆ.

ನಮಗೆ ಈ ವ್ಯವಸ್ಥೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಮೆಚ್ಚುಗೆಯಾಗುವುದು ಬಾಯಿ ಬಿಡಿಸುವ ಈ ಏರ್ಪಾಡು. ವರದಿಯ ಫಾರಂನಲ್ಲಿ ಹೆಸರು, ಫೋನ್ ನಂಬರ್ ಇರುವ ಪಟ್ಟಿಯೊಂದಿರುತ್ತದೆ. ವಿಶ್ಲೇಷಕರು ವರದಿ ಓದಿ, ಬೇಕಾದರೆ ಫೋನ್ ಮಾಡಿ ವಿವರ ಕೇಳಿ, ಆ ಪಟ್ಟಿಯನ್ನು ಕಳಿಸಿದವರಿಗೇ ವಾಪಸ್ ಮಾಡುತ್ತಾರೆ, ನಕಲು ಇಟ್ಟುಕೊಳ್ಳುವುದಿಲ್ಲ. ಬೇಕೆಂದೇ ಮಾಡದ ಉಲ್ಲಂಘನೆಯನ್ನು 10 ದಿನದೊಳಗೆ ತಿಳಿಸಿದವರಿಗೆ, ಹಿಂದಿನ 5 ವರ್ಷದಲ್ಲಿ ಅವರ ಮೇಲೆ ಬೇರೆ ಉಲ್ಲಂಘನೆ ಸಾಬೀತಾಗಿರದಿದ್ದರೆ, ಎಫ್‌ಎಎ ದಂಡವನ್ನಾಗಲಿ ಲೈಸೆನ್ಸ್ ಅಮಾನತನ್ನಾಗಲಿ ಜಾರಿ ಮಾಡುವುದಿಲ್ಲ. ಅಪಘಾತಕ್ಕೂ ಅಪರಾಧಕ್ಕೂ ಈ ರಕ್ಷಣೆ ಇಲ್ಲ.

ಈಗ ಬಳಕೆಗೆ ಬರೋಣ. ಆನ್‌ಲೈನ್ ಹುಡುಕಾಟದಲ್ಲಿ ದಿನಾಂಕ, ವಿಮಾನದ ಮಾದರಿ, ವರದಿ ಮಾಡಿದವರ ಕೆಲಸ, ಘಟನೆಯ ಬಗೆ ಆರಿಸಬಹುದು. ಮನಸ್ಸಿನ ವಿಚಾರ ಇರುವುದು ‘ಹ್ಯೂಮನ್ ಫ್ಯಾಕ್ಟರ್ಸ್’ ಅಂಕಣದಲ್ಲಿ: ಗೊಂದಲ, ಗಮನಭಂಗ, ದಣಿವು, ಸಮಯದ ಒತ್ತಡ, ಕೆಲಸದ ಹೊರೆ, ಸಂವಹನದ ಲೋಪ. ಉದಾಹರಣೆಗೆ, ಮೆಕ್ಯಾನಿಕ್‌ಗಳ ವರದಿಗಳಲ್ಲಿ ಸಮಯದ ಒತ್ತಡ, ಸಂವಹನದ ಲೋಪ ಎರಡೂ ಇರುವುದನ್ನು ಆರಿಸಿ, ನರೇಟಿವ್‌ನಲ್ಲಿ (ವರದಿ ಮಾಡಿದವರು ಬರೆದ ಕಥನದಲ್ಲಿ) ಶಿಫ್ಟ್ ಬದಲಾವಣೆಯ ಪದಗಳನ್ನು ಹುಡುಕಿ. ಅರ್ಧಕ್ಕೆ ನಿಂತ ಕೆಲಸವನ್ನು ಮುಂದಿನವರು ಮುಗಿದದ್ದೆಂದೇ ಸಹಿ ಹಾಕುವುದು ಹೇಗೆ ಎಂಬುದು ಹಂತಹಂತವಾಗಿ ತೆರೆದುಕೊಳ್ಳುತ್ತದೆ. ಯಾವ ಡ್ಯಾಶ್‌ಬೋರ್ಡಿನ ಕೆಂಪು-ಹಸಿರು ಬಣ್ಣಗಳೂ ಇದನ್ನು ಹೇಳಲಾರವು.

ದತ್ತಾಂಶವನ್ನು ಸಿಎಸ್‌ವಿ ಎಂಬ ಕೋಷ್ಟಕ ಫೈಲಾಗಿ ಇಳಿಸಿದವರು ಮುಗ್ಗರಿಸುವ ಜಾಗ ಒಂದಿದೆ. ಫೈಲಿಗೆ ಹೆಡರ್ (ಶೀರ್ಷಿಕೆ) ಸಾಲು ಎರಡು: ಮೊದಲನೆಯದು ಗುಂಪು (ಪರ್ಸನ್ 1, ಪರ್ಸನ್ 2, ಏರ್‌ಕ್ರಾಫ್ಟ್ 1), ಎರಡನೆಯದು ಅಂಕಣದ ಹೆಸರು. ಎರಡನೆಯದನ್ನಷ್ಟೇ ಓದಿಸಿದರೆ ಒಂದೇ ಹೆಸರಿನ ಅಂಕಣಗಳಾಗಿ, ಕ್ಯಾಪ್ಟನ್‌ನ ದಣಿವು ಫಸ್ಟ್ ಆಫೀಸರ್‌ನ ಖಾತೆಗೆ ಹೋಗುತ್ತದೆ. ಪೈಥಾನ್ ಭಾಷೆಯ ದತ್ತಾಂಶ ಸಲಕರಣೆ ಪ್ಯಾಂಡಾಸ್‌ನಲ್ಲಿ ಎರಡೂ ಸಾಲುಗಳನ್ನು ಹೆಡರ್ ಎಂದು ಕೊಟ್ಟು ಜೋಡಿಸಿಕೊಳ್ಳಿ. ಒಂದೇ ಕೋಶದಲ್ಲಿರುವ ಹಲವು ಕಾರಣಗಳನ್ನು ಸೆಮಿಕೋಲನ್ ಹಿಡಿದು ಬಿಡಿಸಿ. ದಿನಾಂಕದಲ್ಲಿ ವರ್ಷ, ತಿಂಗಳು ಮಾತ್ರ. ಹೊತ್ತು ಆರು ಗಂಟೆಯ ನಾಲ್ಕು ಪಾಲುಗಳಲ್ಲಿ. ನಿಲ್ದಾಣದ ಹೆಸರಿನ ಜಾಗದಲ್ಲಿ ಎಷ್ಟೋ ಕಡೆ ‘ಝಡ್‌ಝಡ್‌ಝಡ್’. ಗುರುತು ಸಿಗದಿರಲೆಂದೇ ಹೀಗೆ ಮಾಡಿದ್ದಾರೆ. ಹಾಗಾಗಿ ರಾತ್ರಿ ಎರಡು ಗಂಟೆಗೂ ಐದು ಗಂಟೆಗೂ ದಣಿವಿನ ವ್ಯತ್ಯಾಸವೇನು ಎಂಬ ಪ್ರಶ್ನೆಗೆ ಇಲ್ಲಿ ಉತ್ತರ ಹುಡುಕಬೇಡಿ.

ದಣಿವಿಗೆ ಇಂಗ್ಲಿಷ್‌ನ ‘ಫಟೀಗ್’ ಒಂದನ್ನೇ ಹುಡುಕಿದರೆ ಲೋಹದ ಬಿರುಕಿನ ವರದಿಗಳೂ ಬರುತ್ತವೆ, ಲೋಹ ಸವೆದು ಸೋಲುವುದಕ್ಕೂ ಅದೇ ಪದ. ‘ಟಯರ್ಡ್’, ‘ಎಕ್ಸಾಸ್ಟೆಡ್’ ಎಂದು ಬರೆದವರು ಕೈಬಿಟ್ಟು ಹೋಗುತ್ತಾರೆ. ಹಳೆಯ ನರೇಟಿವ್‌ಗಳ ತುಂಬ ಸಂಕ್ಷಿಪ್ತಾಕ್ಷರಗಳು. ಅವನ್ನು ಮೊದಲು ಪೂರ್ಣಪದಗಳಿಗೆ ಇಳಿಸದೆ ವರದಿಗಳನ್ನು ಗುಂಪು ಮಾಡಲು ಯಂತ್ರಕ್ಕೆ ಕೊಟ್ಟರೆ ಹಳೆಯದು, ಹೊಸದು ಎಂಬ ಎರಡು ಗುಂಪು ಮೂಡುತ್ತವೆ. ಅದು ಬರವಣಿಗೆಯ ರೂಢಿಯ ವ್ಯತ್ಯಾಸ, ಮನಸ್ಸಿನದ್ದಲ್ಲ.

ದೊಡ್ಡ ಮಿತಿ ಎಣಿಕೆಯದು. ಬರುವ ವರದಿಗಳಲ್ಲಿ ಒಂದು ಪಾಲು ಮಾತ್ರ ಪೂರ್ತಿ ಸಂಕೇತೀಕರಣಗೊಂಡು (ವಿಶ್ಲೇಷಕರು ಅಂಕಣಗಳಿಗೆ ವಿಂಗಡಿಸಿ) ಡೇಟಾಬೇಸ್ ಸೇರುತ್ತದೆ. ರಕ್ಷಣೆ ಬೇಕಾದವರು, ಬರೆಯುವ ಮನಸ್ಸಿದ್ದವರು ಕಳಿಸುತ್ತಾರೆ, ಉಳಿದವರು ಸುಮ್ಮನಿರುತ್ತಾರೆ. ವರದಿಗಳ ಸಂಖ್ಯೆ ನಿಜವಾದ ಘಟನೆಗಳ ಕನಿಷ್ಠ ಮಿತಿಯಷ್ಟೇ ಎಂದು ಎಎಸ್‌ಆರ್‌ಎಸ್ಸೇ ಎಚ್ಚರಿಸುತ್ತದೆ. ವರದಿ ಹೆಚ್ಚಾದ ವರ್ಷ ಅಪಾಯ ಹೆಚ್ಚಿತೋ, ನಂಬಿಕೆ ಹೆಚ್ಚಿತೋ ಈ ಫೈಲಿನಿಂದ ತಿಳಿಯದು. ಜೊತೆಗೆ, ಬರೆಯುವವರಿಗೆ ಕೊನೆಗೆ ಏನಾಯಿತೆಂದು ಮೊದಲೇ ಗೊತ್ತಿರುತ್ತದೆ. ‘ಗಮನ ಬೇರೆಡೆ ಇತ್ತು’ ಎಂಬುದು ಆಮೇಲೆ ಹೊಳೆದ ಕಾರಣವೂ ಆಗಿರಬಹುದು.

ಆದ್ದರಿಂದ ದರ, ಶೇಕಡಾವಾರು, ಕಂಪನಿಗಳ ಹೋಲಿಕೆ ಬೇಕಾದವರಿಗೆ ಇದು ಆಗಿಬರುವುದಿಲ್ಲ. ತಪ್ಪು ಹೇಗೆ ಹಂತಹಂತವಾಗಿ ಬೆಳೆಯುತ್ತದೆ ಎಂದು ತಿಳಿಯಬೇಕಾದವರಿಗೆ ಇದಕ್ಕಿಂತ ಒಳ್ಳೆಯದನ್ನು ನಾವು ಸೂಚಿಸಲಾರೆವು. ಪೀಣ್ಯದಲ್ಲೋ ಬೊಮ್ಮಸಂದ್ರದಲ್ಲೋ ಕಾರ್ಖಾನೆಗೆ ನಿಯರ್-ಮಿಸ್ (ಸ್ವಲ್ಪದರಲ್ಲಿ ತಪ್ಪಿದ ಅಪಘಾತ) ವರದಿಯ ಆ್ಯಪ್ ಕೊಳ್ಳಲು ಹೊರಟ ಸೇಫ್ಟಿ ಆಫೀಸರ್‌ಗಳು ಮಾರಾಟಗಾರರಿಗೆ ಮೂರು ಪ್ರಶ್ನೆ ಕೇಳಲಿ: ವರದಿ ಮಾಡಿದವರ ಹೆಸರು ಎಷ್ಟು ದಿನಕ್ಕೆ ಅಳಿಯುತ್ತದೆ? ಅಳಿಯುವ ಮುಂಚೆ ಯಾರು ಯಾರು ನೋಡಬಹುದು? ಸೂಪರ್‌ವೈಸರ್ ಅಥವಾ ಎಚ್‌ಆರ್ ಲಾಗಿನ್‌ನಿಂದ ಅದು ತೆರೆಯುತ್ತದೆಯೇ? ಮೂರನೆಯದಕ್ಕೆ ಹೌದೆಂದರೆ ಆ ಆ್ಯಪ್ ಬೇಡ.