ಒಂದೇ ಹೊಂಡ, ಎರಡು ತಂತ್ರಾಂಶ: ಸ್ವಿಮ್ ಮತ್ತು ಎಚ್‌ಎಂಎಸ್‌ನಲ್ಲಿ ಸಂಗ್ರಹದ ಲೆಕ್ಕ ತಪ್ಪುವ ಜಾಗಗಳು

ಬೆಳಗಾವಿಯ ಬಡಾವಣೆಗಳ ಮಳೆನೀರು ಒಮ್ಮೆಲೇ ಬಳ್ಳಾರಿ ನಾಲಾಕ್ಕೆ ನುಗ್ಗದಂತೆ ತಡೆಹಿಡಿಯುವ ಹೊಂಡಗಳ ಲೆಕ್ಕಕ್ಕೆ ಉಚಿತವಾಗಿ ಸಿಗುವ ತಂತ್ರಾಂಶಗಳಲ್ಲಿ ಮುಖ್ಯವಾದವು ಎರಡು: ಎಸ್‌ಡಬ್ಲ್ಯುಎಂಎಂ, ಅಂದರೆ ಬಾಯಿಮಾತಿನ ಸ್ವಿಮ್, ಇನ್ನೊಂದು ಹೆಕ್-ಎಚ್‌ಎಂಎಸ್. ಎರಡಕ್ಕೂ ಒಂದೇ ಹೊಂಡ ಕೊಟ್ಟು ನೋಡಿದ ಹೋಲಿಕೆ ಇದು. ತಳ 30×20 ಮೀ., ಆಳ 2.5 ಮೀ., ಬದಿಗಳು 1 ಮೀ. ಏರಿಗೆ 2 ಮೀ. ಹೊರಕ್ಕೆ, ತಳದ ಆರ್‌ಎಲ್ (ಸರ್ವೆಯ ಆಧಾರ ಮಟ್ಟದಿಂದ ಅಳೆದ ಎತ್ತರ) 748.50 ಮೀ. ಕೈಲೆಕ್ಕದಲ್ಲಿ ಪರಿಮಾಣ 2208 ಘನ ಮೀಟರ್. ಈ ಅಂಕಿ ಪಕ್ಕದಲ್ಲಿ ಬರೆದಿಟ್ಟುಕೊಳ್ಳದೆ ಮಾಡೆಲ್ ಶುರು ಮಾಡಲೇಬಾರದು.

ಎಚ್‌ಎಂಎಸ್ ಆರ್‌ಎಲ್ ಕೇಳುತ್ತದೆ. ಸರ್ವೆ ಹಾಳೆಯ ಅಂಕಿ ನೇರವಾಗಿ ಹೋಗುತ್ತದೆ. ಸ್ವಿಮ್‌ನ ಸ್ಟೋರೇಜ್ ಕರ್ವ್ (ಆಳಕ್ಕೆ ತಕ್ಕ ವಿಸ್ತೀರ್ಣದ ಪಟ್ಟಿ) ಕೇಳುವುದು ತಳದಿಂದ ಆಳ: 0ರಿಂದ 2.5. ಅಲ್ಲಿ 748.50 ಎಂದು ತುಂಬಿದರೆ ಎಚ್ಚರಿಕೆ ಬರುವುದಿಲ್ಲ. ಸೊನ್ನೆಯಿಂದ 748.50 ಮೀ. ಆಳದವರೆಗೆ ವಿಸ್ತೀರ್ಣ ನಿಧಾನವಾಗಿ ಬೆಳೆಯುತ್ತದೆಂದು ಅದು ತಿಳಿಯುತ್ತದೆ, ಹಾಗಾಗಿ 2 ಮೀ. ನೀರಿನಲ್ಲಿ ಹೊಂಡದ ವಿಸ್ತೀರ್ಣ ಎರಡು ಚದರ ಮೀಟರೂ ಇರುವುದಿಲ್ಲ. ಮಳೆ ಶುರುವಾದೊಡನೆ ಹೊಂಡ ತುಂಬಿ ಹರಿದರೆ ಮೊದಲು ನೋಡಬೇಕಾದ್ದು ಈ ಕಾಲಂ.

ಘಟಕಗಳ ವಿಷಯದಲ್ಲಿ ಇಬ್ಬರೂ ಕಾಡುತ್ತಾರೆ, ಆದರೆ ಎಚ್‌ಎಂಎಸ್ ಹೆಚ್ಚು ಅಪಾಯಕಾರಿ. ಮೆಟ್ರಿಕ್‌ನಲ್ಲಿ ಅದು ವಿಸ್ತೀರ್ಣವನ್ನು ಸಾವಿರ ಚದರ ಮೀಟರ್‌ಗಳಲ್ಲಿ ಓದುತ್ತದೆ. ತಳಕ್ಕೆ 0.6 ಬದಲು 600 ಬರೆದರೆ ಹೊಂಡ ಸಾವಿರ ಪಟ್ಟು ದೊಡ್ಡದಾಗಿ, ಹೊರಹರಿವು ಬಹುತೇಕ ಇಲ್ಲದಂತಾಗಿ, ಗ್ರಾಫ್ ಬಲು ಚೆನ್ನಾಗಿ ಕಾಣುತ್ತದೆ. ಚೆನ್ನಾಗಿ ಕಂಡದ್ದನ್ನು ಯಾರೂ ಮತ್ತೆ ತೆರೆದು ನೋಡುವುದಿಲ್ಲ. ಸ್ವಿಮ್‌ನಲ್ಲಿ ಹೊಸ ಪ್ರಾಜೆಕ್ಟ್ ಸಾಮಾನ್ಯವಾಗಿ ಸಿಎಫ್‌ಎಸ್‌ನಲ್ಲಿ (ಸೆಕೆಂಡಿಗೆ ಘನ ಅಡಿ) ತೆರೆದುಕೊಳ್ಳುತ್ತದೆ. ಹಾಗೇ ಬಿಟ್ಟರೆ ಮೀಟರ್‌ಗಳು ಅಡಿಗಳಾಗಿ 2208 ಘನ ಮೀಟರ್ ಹೊಂಡ ಸುಮಾರು 63 ಘನ ಮೀಟರ್‌ಗೆ ಕುಗ್ಗುತ್ತದೆ. ಆಮೇಲೆ ಸಿಎಂಎಸ್ (ಸೆಕೆಂಡಿಗೆ ಘನ ಮೀಟರ್) ಮಾಡಿದರೆ ತುಂಬಿದ ಅಂಕಿಗಳನ್ನು ಅದು ಪರಿವರ್ತಿಸುವುದಿಲ್ಲ, ಅದೇ ಅಂಕಿಯನ್ನು ಹೊಸ ಘಟಕದಲ್ಲಿ ಓದುತ್ತದೆ. ಘಟಕ ಮೊದಲು, ಉಳಿದದ್ದು ಆಮೇಲೆ.

ತಳ ಮತ್ತು ಮೇಲಂಚು ಎರಡೇ ಸಾಲು ಕೊಟ್ಟಾಗ ಎಚ್‌ಎಂಎಸ್‌ನ ಶಂಕು ಸೂತ್ರ 2207 ಕೊಡುತ್ತದೆ, ಸಾಕಷ್ಟು ನಿಖರ. ಸ್ವಿಮ್ ಸರಾಸರಿ ವಿಸ್ತೀರ್ಣ ಹಿಡಿದು 2250 ಎನ್ನುತ್ತದೆ: ಇಲ್ಲದ 42 ಘನ ಮೀಟರ್ ಜಾಗ. ಅರ್ಧ ಮೀಟರ್‌ಗೊಂದು ಸಾಲು ಕೊಟ್ಟರೆ 2210ಕ್ಕೆ ಇಳಿಯುತ್ತದೆ. ಆವೃತ್ತಿ 5.2 ಇದ್ದರೆ ಪಿರಮಿಡ್ ಆಕಾರ ಆರಿಸಿ ಉದ್ದ, ಅಗಲ, ಇಳಿಜಾರು ಕೊಡಿ, ಲೆಕ್ಕ ಕರಾರುವಾಕ್ಕು.

ತುಂಬಿ ಹರಿಯುವ ಹೊತ್ತಿಗೆ ಎಚ್‌ಎಂಎಸ್ ಪ್ರಾಮಾಣಿಕ: ನೀರು ಟೇಬಲ್‌ನ ಕೊನೆಯ ಸಾಲು ದಾಟಿದರೆ ಎರರ್ ಕೊಟ್ಟು ನಿಲ್ಲುತ್ತದೆ. ಅದನ್ನು ಸುಮ್ಮನಾಗಿಸಲು ಸುಳ್ಳು ಸಾಲು ಸೇರಿಸಬೇಡಿ. ಕೋಡಿ ಸೇರಿಸಿ, ಬದುವಿನ ತುದಿಯವರೆಗಿನ ನಿಜವಾದ ವಿಸ್ತೀರ್ಣ ಕೊಡಿ. ಸ್ವಿಮ್ ನಿಲ್ಲದು. ಗರಿಷ್ಠ ಆಳ ಮೀರಿದ ನೀರನ್ನು ಫ್ಲಡಿಂಗ್ ಎಂದು ಬರೆದು ಮಾಡೆಲ್‌ನಿಂದಲೇ ಹೊರಹಾಕುತ್ತದೆ; ಕೆಳಗಿನ ಔಟ್‌ಫಾಲ್‌ನಲ್ಲಿ (ನೀರು ಮಾಡೆಲ್‌ನಿಂದ ಹೊರಬೀಳುವ ಕೊನೆಯ ಬಿಂದು) ಹರಿವು ಕಡಿಮೆ ಕಾಣುತ್ತದೆ. ಆ ನಷ್ಟವೂ ಲೆಕ್ಕಕ್ಕೆ ಸೇರಿರುವುದರಿಂದ ಕಂಟಿನ್ಯುಟಿ ಎರರ್ (ಒಳಬಂದ ಮತ್ತು ಲೆಕ್ಕಕ್ಕೆ ಸಿಕ್ಕ ನೀರಿನ ವ್ಯತ್ಯಾಸ) ಸೊನ್ನೆಯ ಹತ್ತಿರವೇ ಇರುತ್ತದೆ. ಆದ್ದರಿಂದ ಆ ಒಂದು ಅಂಕಿ ನೋಡಿ ಸಮಾಧಾನಪಡದೆ ನೋಡ್ ಫ್ಲಡಿಂಗ್ ಸಮ್ಮರಿ, ಸ್ಟೋರೇಜ್ ವಾಲ್ಯೂಮ್ ಸಮ್ಮರಿ ಎರಡನ್ನೂ ಓದಿ.

ಹೊಂಡದ ಗಾತ್ರ ನಿರ್ಧರಿಸುವವರೆಗೆ ಎಚ್‌ಎಂಎಸ್ ಸಾಕು, ಒಂದು ನಿಮಿಷದ ಕಾಲಹಂತದಲ್ಲಿ ಓಡಿಸಿ. ಆದರೆ ತೂಬಿನ ಬಾಯಿ ನಾಲಾಕ್ಕೆ ತೆರೆಯುವ ಕಡೆ ಕೊನೆಯ ಲೆಕ್ಕ ಸ್ವಿಮ್‌ನ ಡೈನಾಮಿಕ್ ವೇವ್ ಎಂಬ ಹರಿವಿನ ಲೆಕ್ಕದ ವಿಧಾನದಲ್ಲೇ ಆಗಬೇಕು. ಅದರ ಇನ್ನೊಂದು ವಿಧಾನ ಕೈನೆಮ್ಯಾಟಿಕ್ ವೇವ್ ಹಿನ್ನೀರನ್ನು ಗಣಿಸುವುದೇ ಇಲ್ಲ. ಔಟ್‌ಫಾಲ್ ಫಿಕ್ಸೆಡ್ (ನೀರಿನ ಮಟ್ಟ ಸ್ಥಿರ) ಮಾಡಿ, ನಾಲಾದ ಪ್ರವಾಹ ಮಟ್ಟದ ಆರ್‌ಎಲ್ ಕೊಟ್ಟು, 1ರಿಂದ 5 ಸೆಕೆಂಡ್ ಹಂತದಲ್ಲಿ ಓಡಿಸಿ. ನೀರು ಹಿಂದಕ್ಕೆ ಹೊಂಡದೊಳಗೆ ಬಂದರೆ ತೂಬಿಗೆ ಫ್ಲ್ಯಾಪ್ ಗೇಟ್ (ನೀರನ್ನು ಹೊರಕ್ಕಷ್ಟೇ ಬಿಡುವ ಬಾಗಿಲು) ಹಾಕಿ ಮತ್ತೆ ಓಡಿಸಿ, ಆಗ ಹೊಂಡದ ನೀರು ಎಷ್ಟು ಎತ್ತರ ನಿಲ್ಲುತ್ತದೆಯೋ ಅದಕ್ಕೆ ತಕ್ಕಂತೆ ಬದು ಏರಿಸಿ.