ಮ್ಯಾಮಿಲೇರಿಯಾ ತರುವುದೋ, ರೆಬುಟಿಯಾ ತರುವುದೋ?

ಎರಡೂ ಅಂಗೈಯಲ್ಲಿ ಹಿಡಿಸುವ ಗುಂಡು ಕಳ್ಳಿಗಳು, ಎರಡೂ ಚಳಿ ಮುಗಿಯುತ್ತಲೇ ಮೊಗ್ಗು ಬಿಡುವಂಥವು. ಆದರೆ ಬೆಂಗಳೂರಿನ ಬಾಲ್ಕನಿಗೆ ಮೊದಲ ಕಳ್ಳಿ ಕೊಳ್ಳುವವರು ಮ್ಯಾಮಿಲೇರಿಯಾ ತರುವುದೇ ಒಳ್ಳೆಯದು.

ಕಾರಣ ಚಳಿ. ರೆಬುಟಿಯಾ ಬೊಲಿವಿಯಾ, ಅರ್ಜೆಂಟೀನಾದ ಆಂಡಿಸ್ ಬೆಟ್ಟಗಳದ್ದು. ಚಳಿಗಾಲದಲ್ಲಿ ರಾತ್ರಿ 5ರಿಂದ 10 ಡಿಗ್ರಿ ತಂಪು, ಒಣ ಮಣ್ಣು ಸಿಕ್ಕರಷ್ಟೇ ಚೆನ್ನಾಗಿ ಹೂ ಬಿಡುತ್ತದೆ. ನಮ್ಮ ಜನವರಿ ರಾತ್ರಿಗಳು ಸಾಮಾನ್ಯವಾಗಿ 15ರ ಆಸುಪಾಸು. ಗಿಡ ಬದುಕುತ್ತದೆ, ಹೂ ಮಾತ್ರ ಬೆರಳೆಣಿಕೆ. ಊಟಿಯಂಥ ಕಡೆ ಇದ್ದರೆ ಖಂಡಿತ ತನ್ನಿ: ಬುಡದ ಸುತ್ತ ಏಳುವ ಕಿತ್ತಳೆ, ಕೆಂಪು ಹೂಗಳು ಗಿಡವನ್ನೇ ಮುಚ್ಚಿಬಿಡುತ್ತವೆ. ಮೊಗ್ಗು ಸಾಸಿವೆಯಷ್ಟಿರುವಾಗಲೇ ನೀರು ಹಾಕಿದರೆ ಅದು ಹೂವಾಗದೆ ಮರಿಯಾಗಿಬಿಡಬಹುದು. ಸ್ಪಷ್ಟವಾಗಿ ಉದ್ದವಾಗುವವರೆಗೆ ಕಾಯಿರಿ.

ಮೆಕ್ಸಿಕೊ ಮೂಲದ ಮ್ಯಾಮಿಲೇರಿಯಾದಲ್ಲಿ ಹೂ ಚಿಕ್ಕದು, ಒಂದೆರಡು ಸೆಂಟಿಮೀಟರ್. ಆದರೆ ನೆತ್ತಿಯ ಸುತ್ತ ಬಳೆಯಂತೆ ವಾರಗಟ್ಟಲೆ ಅರಳುತ್ತದೆ, ಆಮೇಲೆ ಪುಟ್ಟ ಮೆಣಸಿನಕಾಯಿಯಂಥ ಕೆಂಪು ಕಾಯಿಗಳು ಬೇರೆ! ಇದಕ್ಕೆ ತಂಪಿಗಿಂತ ಬಿಸಿಲು ಮುಖ್ಯ, ದಿನಕ್ಕೆ 4–5 ಗಂಟೆ. ಬಿಸಿಲು ಸಾಲದಿದ್ದರೆ ತುದಿ ಚೂಪಾಗಿ ಎಳೆದುಕೊಳ್ಳುತ್ತದೆ, ಮೊಗ್ಗು ಬರುವುದಿಲ್ಲ.

ಎರಡಕ್ಕೂ ತೂತಿರುವ ಮಣ್ಣಿನ ಕುಂಡ. ಎರಡು ಪಾಲು ದಪ್ಪ ಮರಳು ಅಥವಾ ಇಟ್ಟಿಗೆ ಚೂರು, ಒಂದು ಪಾಲು ಕೆಂಪು ಮಣ್ಣು, ಒಂದು ಪಾಲು ಎರೆಗೊಬ್ಬರ. ಡಿಸೆಂಬರ್, ಜನವರಿಯಲ್ಲಿ ನೀರು ಬಹುತೇಕ ನಿಲ್ಲಿಸಿ. ಮುಳ್ಳಿನ ಸಂದಿಯಲ್ಲಿ ಹತ್ತಿಯಂಥ ಬಿಳಿ ಕಂಡರೆ ಹಿಟ್ಟು ತಿಗಣೆ ಇರಬಹುದು. ಆದರೆ ಕೆಲವು ಮ್ಯಾಮಿಲೇರಿಯಾಗಳಿಗೆ ಬಿಳಿ ಉಣ್ಣೆ ಸಹಜ. ಬಿಳಿಯೊಳಗೆ ಹುಳು ಕಂಡರೆ ಮಾತ್ರ ಸ್ಪಿರಿಟ್ ಅದ್ದಿದ ಕುಂಚದಿಂದ ಒರೆಸಿ.